‘ಡೆಲ್ಟಾ ಬೀಚ್’ ಡೆಲ್ಟಾ ಅಲ್ಲ: ಕೋಡಿ ಬೆಂಗ್ರೆಗೆ ಹೋಗುವ ಮುನ್ನ ತಿಳಿದಿರಬೇಕಾದದ್ದು

ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಉತ್ತರಕ್ಕೆ ಹೊರಟರೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸುವರ್ಣಾ ನದಿ, ನಡುವೆ ತೆಂಗಿನ ಮರ, ಮೀನುಗಾರರ ಮನೆ, ಒಂದು ರಸ್ತೆ. ಕೆಲವು ಕಡೆ ಕಾರಿನೊಳಗೆ ಕೂತೇ ಎರಡೂ ನೀರನ್ನು ನೋಡಬಹುದು. ಕೊನೆಗೆ ರಸ್ತೆ ಮುಗಿದು ಮರಳು ಶುರುವಾಗುತ್ತದೆ. ಮುಂದೆ ಅಳಿವೆ, ಅಂದರೆ ನದಿ ಕಡಲಿಗೆ ಸೇರುವ ಬಾಗಿಲು. ಇದೇ ಕೋಡಿ ಬೆಂಗ್ರೆ. ಮೂರು ಕಡೆ ನೀರಿರುವ ಪುಟ್ಟ ಪರ್ಯಾಯ ದ್ವೀಪ. ಮಲ್ಪೆಗೆ ಬರುವ ಜನರಲ್ಲಿ ಹೆಚ್ಚಿನವರು ಇಲ್ಲಿಯವರೆಗೆ ಬರುವುದಿಲ್ಲ. ಬರುವವರು ‘ಡೆಲ್ಟಾ ಬೀಚ್’ ಎಂಬ ಹೆಸರನ್ನು ಮೊಬೈಲಿನ ನಕ್ಷೆಯಲ್ಲಿ ಹುಡುಕಿಕೊಂಡು ಬರುತ್ತಾರೆ.

ಒಂದು ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರೂ ಹಾಗೆಯೇ ಹೋಗಿದ್ದೆವು. ಕಡಲಿನ ಕಡೆ ಅಲೆ ಬಡಿಯುತ್ತಿತ್ತು. ಅಳಿವೆಯ ಕಡೆ ನೀರು ಕೆರೆಯಂತೆ ನುಣುಪಾಗಿತ್ತು. ಈಜು ಬಾರದ ಗೆಳೆಯನೊಬ್ಬ, ಅಲೆಯಿಲ್ಲದ ಕಡೆಯೇ ಕ್ಷೇಮ ಎಂದುಕೊಂಡು ಪ್ಯಾಂಟು ಮಡಚತೊಡಗಿದ. ಬಲೆ ಸರಿಮಾಡುತ್ತಾ ಕುಳಿತಿದ್ದ ಹಿರಿಯರೊಬ್ಬರು ತಲೆ ಎತ್ತಿ, “ಈಗ ಅಲ್ಲಿ ಇಳಿಯುದು ಬೇಡ ಮಾರಾಯ್ರೆ, ನೀರು ಇಳಿತಾ ಉಂಟು” ಎಂದರು. ನಮ್ಮ ಮುಖ ನೋಡಿ ನಂಬಿಕೆ ಬಂದಂತಿಲ್ಲ ಅನ್ನಿಸಿರಬೇಕು, ಒಂದು ಒಣ ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದರು. ಅದು ನಾವು ನಡೆಯುವುದಕ್ಕಿಂತ ಬೇಗ ಕಡಲಿನತ್ತ ಸಾಗಿ, ಸ್ವಲ್ಪ ಹೊತ್ತಿನಲ್ಲೇ ಕಣ್ಮರೆಯಾಯಿತು.

ನಾವು ‘ಶಾಂತ’ ಎಂದುಕೊಂಡ ನೀರು ಓಡುತ್ತಿತ್ತು. ‘ನೆಲ’ ಎಂದುಕೊಂಡ ಮರಳೂ ಓಡುವಂಥದ್ದೇ ಎಂದು ಆಮೇಲೆ ಓದಿದಾಗ ತಿಳಿಯಿತು. ಕೋಡಿ ಬೆಂಗ್ರೆಯಂಥ ಜಾಗವನ್ನು ಅರ್ಥ ಮಾಡಿಕೊಳ್ಳಲು, ಅಲ್ಲಿಂದ ಕ್ಷೇಮವಾಗಿ ಮರಳಲು, ಈ ಎರಡು ಓಟಗಳನ್ನು ತಿಳಿದಿರಬೇಕು.

ಡೆಲ್ಟಾ ಅಲ್ಲದಿದ್ದರೆ ಇದೇನು?

ಡೆಲ್ಟಾ ಅಥವಾ ನದೀಮುಖಜ ಭೂಮಿ ಎಂದರೆ, ನದಿ ಹೊತ್ತು ತಂದ ಮಣ್ಣನ್ನು ಕಡಲು ಸಾಗಿಸುವುದಕ್ಕಿಂತ ವೇಗವಾಗಿ ಸುರಿದು ಕಟ್ಟಿದ ನೆಲ. ಅಲ್ಲಿ ಒಂದು ನದಿ ಹಲವು ಕವಲುಗಳಾಗಿ ಒಡೆಯುತ್ತದೆ. ಗೋದಾವರಿ, ಕೃಷ್ಣಾ, ಕಾವೇರಿ ಪೂರ್ವ ಕರಾವಳಿಯಲ್ಲಿ ಹೀಗೆ ದೊಡ್ಡ ಡೆಲ್ಟಾಗಳನ್ನು ಕಟ್ಟಿವೆ.

ಕೋಡಿ ಬೆಂಗ್ರೆಯಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಇಲ್ಲಿ ನದಿ ಒಡೆಯುವುದಿಲ್ಲ. ಸುವರ್ಣಾ ಮತ್ತು ಸೀತಾ ಎಂಬ ಎರಡು ನದಿಗಳು ಕೂಡಿ ಒಂದೇ ಬಾಗಿಲಿನಿಂದ ಕಡಲಿಗೆ ಸೇರುತ್ತವೆ. ಗೋದಾವರಿಯ ಉದ್ದ ಸುಮಾರು 1,465 ಕಿ.ಮೀ. ಆದರೆ ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಈ ಎರಡು ನದಿಗಳು ತಲಾ 100 ಕಿ.ಮೀ. ಕೂಡ ಹರಿಯುವುದಿಲ್ಲ. ಅವು ತರುವ ಹೂಳು ಕಡಿಮೆ, ಮಳೆಗಾಲದ ಅರಬ್ಬಿ ಸಮುದ್ರದ ಅಲೆಗಳ ಬಲ ಹೆಚ್ಚು. ಬಂದ ಮರಳನ್ನು ಅಲೆಗಳು ಹಂಚಿಬಿಡುತ್ತವೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಡೆಲ್ಟಾಗಳ ಬದಲು ಅಳಿವೆಗಳಿವೆ, ಅಳಿವೆಯ ಪಕ್ಕದಲ್ಲಿ ಉದ್ದನೆಯ ಮರಳ ನಾಲಿಗೆಗಳಿವೆ. ಸುವರ್ಣಾ ನದಿ ಕಡಲಿನ ಹತ್ತಿರ ಬಂದೂ ನೇರವಾಗಿ ಸೇರದೆ ಉತ್ತರಕ್ಕೆ ತಿರುಗಿ ದಡದ ಪಕ್ಕದಲ್ಲೇ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಮರಳ ನಾಲಿಗೆಯೇ ಬೆಂಗ್ರೆ.

ಕರಾವಳಿಯ ಊರುಗಳ ಹೆಸರಲ್ಲೇ ಈ ಭೂಗೋಳ ಅಡಗಿದೆ. ಮಂಗಳೂರಿನಲ್ಲಿ ಗುರುಪುರ ನದಿಗೂ ಕಡಲಿಗೂ ನಡುವೆ ಕಸಬಾ ಬೆಂಗ್ರೆ, ತೋಟ ಬೆಂಗ್ರೆಗಳಿವೆ. ಕುಂದಾಪುರದ ಕೋಡಿಯೂ ಗಂಗೊಳ್ಳಿ ಅಳಿವೆಯ ಪಕ್ಕದಲ್ಲಿದೆ. ‘ಡೆಲ್ಟಾ’ ಎಂಬ ಹೊಸ ಹೆಸರಿಗಿಂತ ಹಳೆಯ ಹೆಸರೇ ಹೆಚ್ಚು ಸರಿ.

ಮರಳು ನಡೆಯುವ ಬಗೆ

ಅಲೆಗಳು ಸಾಮಾನ್ಯವಾಗಿ ದಡಕ್ಕೆ ನೇರವಾಗಿ ಬಡಿಯದೆ ಸ್ವಲ್ಪ ಓರೆಯಾಗಿ ಬರುತ್ತವೆ. ಬರುವಾಗ ಮರಳಿನ ಕಣವನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತವೆ. ಹಿಂದಿರುಗುವ ನೀರು ಮಾತ್ರ ಇಳಿಜಾರಿನಲ್ಲಿ ನೇರ ಕೆಳಗಿಳಿಯುತ್ತದೆ. ಹೀಗೆ ಓರೆ ಹತ್ತಿ ನೇರ ಇಳಿಯುತ್ತಾ ಪ್ರತಿ ಕಣವೂ ಗರಗಸದ ಹಲ್ಲಿನ ದಾರಿಯಲ್ಲಿ ದಡದುದ್ದಕ್ಕೂ ಪಯಣಿಸುತ್ತದೆ. ಋತುವಿನೊಂದಿಗೆ ಅಲೆ ಬರುವ ದಿಕ್ಕು ಬದಲಾದಂತೆ ಮರಳಿನ ದಾರಿಯೂ ತಿರುಗುತ್ತದೆ.

ಅಳಿವೆ ಎದುರಾದಾಗ ದಡ ಒಮ್ಮೆಲೇ ತುಂಡಾಗುತ್ತದೆ. ದಡದುದ್ದದ ಹರಿವು ನಿಧಾನವಾಗಿ, ಹೊತ್ತ ಮರಳನ್ನು ಅಲ್ಲೇ ಇಳಿಸುತ್ತದೆ, ನಾಲಿಗೆ ಉದ್ದವಾಗುತ್ತದೆ. ಇತ್ತ ನದಿಯ ನೀರು, ಉಬ್ಬರ ಇಳಿತದ ನೀರು ಬಾಗಿಲನ್ನು ತೆರೆದಿಡಲು ಮರಳನ್ನು ಕೊರೆಯುತ್ತವೆ. ಕಟ್ಟುವವರು, ಕೆಡವುವವರು ಇಬ್ಬರೂ ದಿನವಿಡೀ ಕೆಲಸ ಮಾಡುವ ಜಾಗ ಇದು. ಆದ್ದರಿಂದ ತುದಿಯ ಆಕಾರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಳೆಯ ಫೋಟೋ ನೋಡಿ ‘ಇಲ್ಲಿಯವರೆಗೆ ಮರಳಿತ್ತಲ್ಲ’ ಎಂದು ಹುಡುಕಿದರೆ ಅಲ್ಲಿ ನೀರಿರಬಹುದು.

ಇಲ್ಲಿಂದ ತುಸು ದೂರದ ಸೇಂಟ್ ಮೇರೀಸ್ ದ್ವೀಪವನ್ನು ನೆನೆಯಿರಿ. ಅಲ್ಲಿನ ಕಂಬದಂಥ ಬಂಡೆಗಳು ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದವು, ವಯಸ್ಸು ಸುಮಾರು 8.8 ಕೋಟಿ ವರ್ಷ. ಒಂದೇ ದಿನದ ಪ್ರವಾಸದಲ್ಲಿ ಆ ಬಂಡೆಯನ್ನೂ, ಕಳೆದ ಮಳೆಗಾಲದ ನಂತರ ಕೂಡಿದ ಮರಳನ್ನೂ ಮೆಟ್ಟಬಹುದು. ಎರಡನ್ನೂ ಒಂದೇ ರೀತಿಯ ‘ನೆಲ’ ಎಂದು ಭಾವಿಸುವುದೇ ತೊಂದರೆಯ ಮೂಲ.

ಅಲೆಯಿಲ್ಲದ ನೀರು ಸುರಕ್ಷಿತವೇ?

ಸಾಮಾನ್ಯ ನಂಬಿಕೆ ಹಾಗಿದೆ. ಅದು ತಪ್ಪು, ಮೂರು ಕಾರಣಗಳಿಗೆ.

ಮೊದಲನೆಯದು ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಉಬ್ಬರದಲ್ಲಿ ಕಡಲ ನೀರು ಅಳಿವೆಯ ಮೂಲಕ ಒಳನುಗ್ಗಿ ಹೊಳೆ, ಕುದ್ರುಗಳ ಸುತ್ತಲೆಲ್ಲ ತುಂಬುತ್ತದೆ. ಮುಂದಿನ ಆರು ಗಂಟೆಗಳಲ್ಲಿ ಆ ನೀರಷ್ಟೂ, ಜೊತೆಗೆ ಎರಡು ನದಿಗಳ ನೀರೂ, ಅದೇ ಕಿರಿದಾದ ಬಾಗಿಲಿನಿಂದ ಹೊರಹೋಗಬೇಕು. ಅಗಲದ ಟ್ಯಾಂಕಿನ ನೀರು ಸಣ್ಣ ನಲ್ಲಿಯಿಂದ ರಭಸವಾಗಿ ಬರುವಂತೆಯೇ ಇದು. ನೀರು ಆಳವಿರುವಲ್ಲಿ ಮೇಲ್ಮೈ ನುಣುಪಾಗಿಯೇ ಇರುತ್ತದೆ, ಓಟ ಕಾಣುವುದಿಲ್ಲ. ಜೊತೆಗೆ ಅಂಚಿನ ಮರಳನ್ನು ಹರಿವು ಕೊರೆದಿರುವುದರಿಂದ, ಮೊಣಕಾಲು ಮಟ್ಟದ ನೀರು ಎರಡು ಹೆಜ್ಜೆಗೆ ತಲೆ ಮುಳುಗುವಷ್ಟಾಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡದು, ಸೆಳೆತವೂ ಹೆಚ್ಚು.

ಎರಡನೆಯದು ಕಡಲ ಬದಿಯ ಸೆಳೆತ, ಅಂದರೆ ರಿಪ್ ಕರೆಂಟ್. ದಡಕ್ಕೆ ಬಂದ ಅಲೆಯ ನೀರು ಮರಳ ದಿಬ್ಬಗಳ ನಡುವಿನ ಆಳವಾದ ಸಂದಿಯಿಂದ ಕಡಲಿಗೆ ಹಿಂದಿರುಗುತ್ತದೆ. ಆಳವಿರುವ ಕಡೆ ಅಲೆ ಒಡೆಯುವುದಿಲ್ಲ. ಆದ್ದರಿಂದ ಎರಡೂ ಪಕ್ಕ ಬಿಳಿ ನೊರೆ, ನಡುವೆ ತುಸು ಕಪ್ಪಗಿನ ಶಾಂತ ದಾರಿ ಕಂಡರೆ ಅದು ಇಳಿಯಲು ಒಳ್ಳೆಯ ಜಾಗ ಅಲ್ಲ, ಬಹುಶಃ ಸೆಳೆತದ ಜಾಗ. ಸೆಳೆತ ಸೆಕೆಂಡಿಗೆ 2 ಮೀಟರ್ ವೇಗವನ್ನೂ ಮುಟ್ಟಬಲ್ಲದು. ಅದರ ಎದುರು ಪಳಗಿದ ಈಜುಗಾರರೂ ಸೋಲುತ್ತಾರೆ. ‘ಸೆಳೆತ ಕೆಳಕ್ಕೆ ಎಳೆಯುತ್ತದೆ’ ಎಂಬುದೂ ತಪ್ಪು. ಅದು ಎಳೆಯುವುದು ದಡದಿಂದ ದೂರಕ್ಕೆ. ಜನ ಮುಳುಗುವುದು ಗಾಬರಿಯಿಂದ, ದಡದತ್ತ ನೇರ ಈಜಿ ದಣಿಯುವುದರಿಂದ. ಸಿಕ್ಕಿಬಿದ್ದರೆ ತೇಲಿಕೊಂಡಿದ್ದು, ಕೈಬೀಸಿ ಸಹಾಯ ಕೇಳಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿದ ಮೇಲೆ ದಡದತ್ತ ತಿರುಗಬೇಕು. ಆದರೆ ಈ ಉಪಾಯವನ್ನು ಅಳಿವೆಯಲ್ಲಿ ನಂಬಬೇಡಿ. ಅಲ್ಲಿ ಓಡುವುದು ಕಿರಿದಾದ ಸೆಳೆತವಲ್ಲ, ಇಡೀ ಹೊಳೆ. ಅಲ್ಲಿ ಇಳಿಯದಿರುವುದೇ ಉಪಾಯ.

ಮೂರನೆಯದು ದೂರದಿಂದ ಬರುವ ಅಲೆ. ಆಕಾಶ ತಿಳಿಯಾಗಿದೆ, ಗಾಳಿಯಿಲ್ಲ, ಹಾಗಾಗಿ ಕಡಲೂ ಶಾಂತ ಎಂದು ಹೇಳಲಾಗದು. ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿ.ಮೀ. ದಾಟಿ, ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ, ನಮ್ಮ ಪಶ್ಚಿಮ ಕರಾವಳಿಯನ್ನು ತಲುಪುತ್ತವೆ. ಮಲಯಾಳದಲ್ಲಿ ಇದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಈ ಹೆಸರನ್ನೇ ವಿಜ್ಞಾನಿಗಳೂ ಬಳಸುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆಯನ್ನು ಕರ್ನಾಟಕದ ಕರಾವಳಿಗೂ ಕೊಡುತ್ತದೆ.

ಕಡಲು ‘ತಿಂದ’ ಮರಳು ಎಲ್ಲಿಗೆ ಹೋಯಿತು?

ಮಳೆಗಾಲದಲ್ಲಿ ಬೀಚ್ ಕಿರಿದಾದರೆ ಅಷ್ಟೂ ಮರಳು ನಾಶವಾಯಿತು ಎಂದಲ್ಲ. ದೊಡ್ಡ ಅಲೆಗಳು ಅದನ್ನು ತುಸು ದೂರ ಒಯ್ದು ನೀರಿನಡಿ ದಿಬ್ಬವಾಗಿ ಇಡುತ್ತವೆ. ಆ ದಿಬ್ಬ ಮುಂದಿನ ಅಲೆಗಳನ್ನು ದೂರದಲ್ಲೇ ಒಡೆದು ದಡವನ್ನು ಕಾಯುತ್ತದೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಮರಳನ್ನು ನಿಧಾನವಾಗಿ ಮರಳಿಸುತ್ತವೆ. ಇದು ಪ್ರತಿ ವರ್ಷದ ಲೆಕ್ಕ.

ಲೆಕ್ಕ ತಪ್ಪುವುದು ಬರುವ ಮರಳಿಗಿಂತ ಹೋಗುವ ಮರಳು ಹೆಚ್ಚಾದಾಗ. ನದಿಯ ಮರಳು ಅಣೆಕಟ್ಟಿನ ಹಿಂದೆ ಉಳಿಯುತ್ತದೆ, ಕಟ್ಟಡಗಳಿಗೆ ಸಾಗುತ್ತದೆ. ಬಂದರಿನ ತಡೆಗೋಡೆಗಳು ದಡದುದ್ದ ಸಾಗುವ ಮರಳನ್ನು ತಡೆಯುತ್ತವೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟವೂ ಸುಮಾರು 20 ಸೆಂ.ಮೀ. ಏರಿದೆ. ಭಾರತದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರದ ಉಪಗ್ರಹ ಆಧಾರಿತ ಅಧ್ಯಯನ ಹೇಳಿದೆ.

ಹಾಗಾದರೆ ಕಲ್ಲು ಹಾಕಿದರೆ ಆಯಿತಲ್ಲ? ಮನೆಯ ಅಂಗಳಕ್ಕೆ ಕಡಲು ಬಂದವರಿಗೆ ಬೇರೆ ದಾರಿ ಕಾಣದು. ಕಲ್ಲಿನ ಗೋಡೆ ಆ ಮನೆಗೆ ಸಮಯವನ್ನು ಕೊಡುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಅದರ ಬುಡದ ಮರಳಿನ ಮೇಲೆ ತೀರಿಸಿಕೊಳ್ಳುತ್ತದೆ. ಎದುರಿನ ಬೀಚ್ ಸವೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ಅಂಗಳದ ಕೊರೆತ ಹೆಚ್ಚುತ್ತದೆ. ಉಳ್ಳಾಲದಲ್ಲಿ ವರ್ಷಗಟ್ಟಲೆ ಕಲ್ಲು ಹಾಕಿದ ನಂತರ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲೆಯನ್ನು ಕಡಲೊಳಗೇ ಒಡೆಯುವ ಕೃತಕ ರೀಫ್‌ಗಳನ್ನು ಕಟ್ಟಿದ್ದು ಇದೇ ಕಾರಣಕ್ಕೆ.

ಮರಳ ದಿಣ್ಣೆಗಳಿಗೆ ಖರ್ಚಿಲ್ಲದ ಕಾವಲುಗಾರರೂ ಇದ್ದಾರೆ. ನೇರಳೆ ಹೂವಿನ ಅಡುಂಬು ಬಳ್ಳಿ, ಮುಳ್ಳಿನಂಥ ರಾವಣನ ಮೀಸೆ ಹುಲ್ಲು ಗಾಳಿಗೆ ಹಾರುವ ಮರಳನ್ನು ಹಿಡಿದು ದಿಣ್ಣೆ ಕಟ್ಟುತ್ತವೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮರಳ ದಿಣ್ಣೆಗಳನ್ನು ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ರೀಲ್ಸ್‌ಗಾಗಿ ಜೀಪು ಹತ್ತಿಸಿದಾಗ ಮೊದಲು ಸಾಯುವುದು ಈ ಬಳ್ಳಿಗಳು.

ಹೋಗುವವರು ಏನು ಮಾಡಬೇಕು?

ಹೋಗಬೇಡಿ ಎಂದು ಹೇಳುತ್ತಿಲ್ಲ. ಸಂಜೆ ಅಳಿವೆಯಿಂದ ದೋಣಿಗಳು ಮರಳುವುದನ್ನು ನೋಡುವ ಖುಷಿಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಯೋಚನೆ ಬಿಡಿ. ಉಳಿದ ದಿನಗಳಲ್ಲಿ ಹೊರಡುವ ಮುನ್ನ ಆ ದಿನದ ಉಬ್ಬರ ಇಳಿತದ ಹೊತ್ತನ್ನೂ ಇನ್‌ಕಾಯ್ಸ್ ಮುನ್ಸೂಚನೆಯನ್ನೂ ನೋಡಿ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಕಳೆದ ವಾರ ಹೋದವರ ಅನುಭವ ನಿಮಗೆ ನೆರವಾಗದು. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ. ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡರೆ ಹಿಂದೆಯೇ ಹಾರಬೇಡಿ. ತೇಲುವ ಖಾಲಿ ಕ್ಯಾನ್ ಅಥವಾ ಹಗ್ಗ ಎಸೆಯಿರಿ, ಹತ್ತಿರದ ಮೀನುಗಾರರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮೊದಲು ದಡದಲ್ಲಿ ಬಲೆ ಹಿಡಿದು ಕೂತವರನ್ನು ಒಂದು ಮಾತು ಕೇಳಿ: “ಈಗ ನೀರು ಏರ್ತಾ ಉಂಟಾ, ಇಳಿತಾ ಉಂಟಾ?” ನಮ್ಮ ಗೆಳೆಯ ಅಂದು ಮಡಚಿದ ಪ್ಯಾಂಟನ್ನು ಬಿಡಿಸಿಕೊಂಡು ಅವರ ಪಕ್ಕದಲ್ಲೇ ಕೂತ. ಆ ಹಿರಿಯರು ಅಲ್ಲಿರದೇ ಹೋಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.