ಗಾಳಿಯೊಳಗಿನ ನೀರು, ಮಾಳಿಗೆಯ ಮೇಲಿನ ನೀರು

ಚಾಮರಾಜಪೇಟೆಯಲ್ಲಿ ನಾವು ವಾಸವಾಗಿರುವ ಮನೆಯ ಹಿತ್ತಲಲ್ಲಿ ಒಂದು ಬಾವಿಯಿದೆ. ಕಾವೇರಿಯ ನಲ್ಲಿ ಮನೆಯೊಳಗೆ ಬಂದ ಮೇಲೆ ಹಿರಿಯರು ಅದರ ಬಾಯಿಗೆ ಚಪ್ಪಡಿ ಎಳೆಸಿದರು. 2024ರ ಮಾರ್ಚ್ ತಿಂಗಳಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ನಮ್ಮ ಬೀದಿಯ ತಾಯಂದಿರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ಆ ಚಪ್ಪಡಿಯ ಮೇಲೆಯೇ ಕುಳಿತು ನಾವು ಪತ್ರಿಕೆ ಓದುತ್ತಿದ್ದೆವು. ಈ ನಾಚಿಕೆಯನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತಿಗೆ ಬರುತ್ತೇವೆ.

2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಮೂವರಿಗೆ ಸಂದಿತು: ಜಪಾನಿನ ಸುಸುಮು ಕಿಟಗಾವಾ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ದುಡಿದ ರಿಚರ್ಡ್ ರಾಬ್ಸನ್, ಅಮೆರಿಕದ ಒಮರ್ ಯಾಘಿ. ಅವರು ಕಟ್ಟಿದ್ದು ರಂಧ್ರಮಯವಾದ ಹೊಸದೊಂದು ಪದಾರ್ಥಕುಲವನ್ನು. ರಂಧ್ರವೆಂದರೆ ದೋಷವೆಂದೇ ನಮ್ಮ ರೂಢಿಯ ಭಾವನೆ. ಆದರೆ ಬೇಸಿಗೆಯ ಅರವಟ್ಟಿಗೆಯಲ್ಲಿ ಮಣ್ಣಿನ ಗಡಿಗೆ ನೀರನ್ನು ತಂಪಾಗಿಡುವುದು ತನ್ನ ಮೈಯ ಸೂಕ್ಷ್ಮರಂಧ್ರಗಳಿಂದಲೇ. ಅವುಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಒಯ್ಯುತ್ತದೆ. ಗಡಿಗೆಯ ರಂಧ್ರಗಳು ಕುಂಬಾರನ ಎಣಿಕೆಗೆ ಸಿಕ್ಕವು. ಈ ವಿಜ್ಞಾನಿಗಳಾದರೋ ಮಂಟಪ ಕಟ್ಟುವ ಶಿಲ್ಪಿಗಳಂತೆ ಲೋಹದ ಅಯಾನುಗಳನ್ನು ಬೋದಿಗೆಗಳಾಗಿಯೂ ಇಂಗಾಲದ ಅಣುಗಳನ್ನು ತೊಲೆಗಳಾಗಿಯೂ ಜೋಡಿಸಿ, ಒಳಗೆ ಇಂತಿಷ್ಟೇ ಅಳತೆಯ ಕೋಣೆಗಳಿರುವಂತೆ ಮಾಡಿದರು. ರಾಬ್ಸನ್ನರಿಗೆ ಇದರ ಮೊದಲ ಹೊಳಹು ದೊರೆತದ್ದು 1974ರಲ್ಲಿ, ವಿದ್ಯಾರ್ಥಿಗಳ ಪಾಠಕ್ಕಾಗಿ ತೂತು ಕೊರೆದ ಮರದ ಗುಂಡುಗಳಿಂದ ಅಣುವಿನ ಮಾದರಿ ಮಾಡಿಸುತ್ತಿದ್ದಾಗ! ಇಂಥ ಪುಡಿಯ ಕೆಲವೇ ಗ್ರಾಂಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನ ತುಂಬೀತು.

ನಮ್ಮ ಊರಿಗೆ ಈ ವಿದ್ಯೆ ಅಪರಿಚಿತವಲ್ಲ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಜಕ್ಕೂರಿನಲ್ಲಿ, ಇಂಥ ಪದಾರ್ಥಗಳ ಸಂಶೋಧನೆ ಬಹುಕಾಲದಿಂದ ನಡೆದಿದೆ.

ಯಾಘಿಯವರು 1965ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ನಿರಾಶ್ರಿತರ ಕುಟುಂಬದಲ್ಲಿ ಜನಿಸಿದರು. ದನಕರುಗಳೊಡನೆ ಹಂಚಿಕೊಂಡ ಒಂದೇ ಕೋಣೆ. ವಾರಕ್ಕೋ ಎರಡು ವಾರಕ್ಕೋ ಕೆಲವು ತಾಸು ಬರುವ ನೀರು. ಅಂಥವರು ಮರುಭೂಮಿಯ ಗಾಳಿಯಿಂದ ನೀರು ಹಿಂಡಲು ಹೊರಟದ್ದು ಆಶ್ಚರ್ಯವಲ್ಲ. ರಾತ್ರಿಯ ಗಾಳಿ ಪುಡಿಯ ಮೇಲೆ ಹಾಯುವಾಗ ತೇವಾಂಶ ಆ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ಆವಿಯಾಗಿ ಹೊರಬಂದು ತಣ್ಣನೆಯ ಮೈಗೆ ತಾಗಿ ಹನಿಗಟ್ಟುತ್ತದೆ. ಗಾಳಿಯ ತೇವಾಂಶ ಶೇಕಡ 20 ಇದ್ದರೂ ಒಂದು ಕಿಲೋ ಪುಡಿ ದಿನಕ್ಕೆ 2.8 ಲೀಟರ್ ಕೊಡಬಲ್ಲುದೆಂದು 2017ರ ಪ್ರಬಂಧ ಹೇಳಿತು. ಆಮೇಲೆ ಅರಿಜೋನಾದ ಮರುಭೂಮಿಯಲ್ಲಿ ನಿಜವಾಗಿ ದೊರೆತದ್ದು ಕಿಲೋಗೆ ಸುಮಾರು 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ. ಪತ್ರಿಕೆಗಳು ಮೊದಲ ಅಂಕಿಯನ್ನು ಸಾರಿದಷ್ಟು ಎರಡನೆಯದನ್ನು ಸಾರಲಿಲ್ಲ.

ಆ ಒಂದು ಲೋಟ ಕಡಮೆಯದೆಂದು ನಾವು ಹೇಳುವುದಿಲ್ಲ. ಚಿತ್ರದುರ್ಗ, ಪಾವಗಡ, ರಾಯಚೂರುಗಳ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನು ಕಂಡವರಿಗೆ, ಶುದ್ಧವಾದ ಕುಡಿಯುವ ನೀರಿನ ಒಂದು ಲೋಟದ ಬೆಲೆ ಗೊತ್ತು. ಪುಡಿಯ ದರ ಇಳಿದರೆ ಅದರ ಸ್ಥಾನ ಅಲ್ಲಿ.

ಬೆಂಗಳೂರಿನ ಲೆಕ್ಕವೇ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮೂವತ್ತು-ನಲವತ್ತು ಅಡಿಯ ಮಾಳಿಗೆಯ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೂ ಹೆಚ್ಚು. ಅಷ್ಟನ್ನು ಗಾಳಿಯಿಂದ ಅರಿಜೋನಾದ ದರದಲ್ಲಿ ಹಿಂಡಬೇಕಾದರೆ ಸುಮಾರು ಮೂರು ಸಾವಿರ ಕಿಲೋ ಪುಡಿ ಬೇಕು. ಮಳೆನೀರಿನ ಸಂಗ್ರಹ ನಗರದಲ್ಲಿ 2009ರಿಂದಲೇ ಕಾನೂನಿನ ಕಡ್ಡಾಯ. ಆದರೂ ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಏರಿಸಿ ತರಿಸಿಕೊಂಡು, ಮಾಳಿಗೆಯ ನೀರನ್ನು ಚರಂಡಿಗೆ ಬಿಡುವ ಮನೆಗಳು ನಮ್ಮ ಬಡಾವಣೆಯಲ್ಲಿ ಕಡಮೆಯೇನಿಲ್ಲ. ನಮ್ಮದೂ ಅವುಗಳಲ್ಲಿ ಒಂದಾಗಿತ್ತು.

ಚಪ್ಪಡಿ ಸರಿಸಲು ನಾಲ್ವರು ಬೇಕಾದರು. ಹೂಳೆತ್ತಿಸಿ, ಮಾಳಿಗೆಯ ಕೊಳವೆಯನ್ನು ಜಲ್ಲಿ-ಮರಳಿನ ತೊಟ್ಟಿಯ ಮೂಲಕ ಬಾವಿಗೆ ತಿರುಗಿಸಿದ್ದೇವೆ. ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ಗೋಡೆಯ ಮೇಲೆ ಗುರುತು ಹಾಕುವ ಕೆಲಸ ಈಗ ಮೊಮ್ಮಗಳದು.