ನಡಿಗೆಯೂ ಒಂದು ವ್ರತವಾಗಲಿ

ನಿವೃತ್ತನಾದ ಮೂರನೆಯ ವರ್ಷ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳಲ್ಲಿ ನೂರನ್ನು ಏರುವಷ್ಟರಲ್ಲೇ ಏದುಸಿರು ಬಂದಿತು, ಮೊಣಕಾಲು ಸೋತಿತು. ಕೊನೆಗೆ ಡೋಲಿಯಲ್ಲಿ ಕುಳಿತು ಬಾಹುಬಲಿಸ್ವಾಮಿಯ ದರ್ಶನ ಪಡೆದೆ. ಅಶಕ್ತರು ಡೋಲಿ ಏರುವುದರಲ್ಲಿ ತಪ್ಪಿಲ್ಲ. ಆದರೆ ನಾನು ಅಶಕ್ತನಾದದ್ದು ರೋಗದಿಂದಲ್ಲ, ಆಲಸ್ಯದಿಂದ. ಹೊತ್ತವರ ಬೆವರನ್ನು ಕಂಡು ಮನಸ್ಸು ಕುಗ್ಗಿತು.

ಅದುವರೆಗೆ ನನಗೊಂದು ಸಮಾಧಾನವಿತ್ತು: ದೇಹ ಬೇರೆ, ಆತ್ಮ ಬೇರೆ, ಅಳಿಯುವ ದೇಹವನ್ನು ಓಲೈಸುವುದೇಕೆ? ಭೇದವಿಜ್ಞಾನ ಸತ್ಯವೇ. ಅದನ್ನು ನಾನು ಸೋಮಾರಿತನಕ್ಕೆ ಹೊದಿಕೆ ಮಾಡಿಕೊಂಡದ್ದು ತಪ್ಪು. ತತ್ತ್ವಾರ್ಥಸೂತ್ರವು ಕರ್ಮಬಂಧದ ಐದು ಕಾರಣಗಳಲ್ಲಿ ಪ್ರಮಾದವನ್ನೂ ಎಣಿಸುತ್ತದೆ. ದೇಹದ ಮೇಲಿನ ಮಮತೆಯನ್ನು ತೊರೆಯುವುದು ವೈರಾಗ್ಯ. ದೇಹವನ್ನು ಜಡವಾಗಲು ಬಿಡುವುದು ಪ್ರಮಾದವೆಂದೇ ನನ್ನ ತಿಳಿವಳಿಕೆ.

ನಮ್ಮ ಮುನಿಗಳನ್ನೇ ನೋಡೋಣ. ಚಾತುರ್ಮಾಸದ ಹೊರತು ಉಳಿದ ಕಾಲವೆಲ್ಲ ಬರಿಗಾಲಿನ ವಿಹಾರ. ನಿಂತೇ ಆಹಾರ ಸ್ವೀಕರಿಸುವುದು ದಿಗಂಬರ ಮುನಿಗಳ 28 ಮೂಲಗುಣಗಳಲ್ಲೊಂದು. ದೇಹದಲ್ಲಿ ಮೋಹವಿಲ್ಲದವರಿಗೂ ವ್ರತಪಾಲನೆಗೆ ಕಾಲಿನ ಬಲ ಬೇಕು. ಹೀಗಿರಲು ಶ್ರಾವಕರಾದ ನಾವು ಕುರ್ಚಿಯಲ್ಲೇ ಕುಳಿತು ಧರ್ಮವನ್ನು ಸಾಧಿಸಬಲ್ಲೆವೇ?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸಿನ ನಡಿಗೆ. ಇದರಿಂದ ರಕ್ತದೊತ್ತಡ ಮತ್ತು ಸಕ್ಕರೆಯ ಅಂಶ ಹತೋಟಿಗೆ ಬರಲು ನೆರವಾಗುತ್ತದೆ. ಹೃದಯ, ಸ್ನಾಯು, ಮೂಳೆಗಳು ಬಲಗೊಳ್ಳುತ್ತವೆ. ನಿದ್ರೆ ಚೆನ್ನಾಗಿ ಬರುತ್ತದೆ. ಅರವತ್ತೈದು ದಾಟಿದವರು ಬೀಳದಂತಿರಲು ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ರೋಗವಿದ್ದವರು ವೈದ್ಯರನ್ನು ಕೇಳಿ ಆರಂಭಿಸುವುದು ಲೇಸು.

ನಡೆದರೆ ಕ್ರಿಮಿಕೀಟಗಳಿಗೆ ಹಿಂಸೆಯಾಗದೇ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಈರ್ಯಾಸಮಿತಿಯೇ ಉತ್ತರ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತಾ, ಬೆಳಕು ಹರಿದ ಮೇಲೆ ನಡೆಯೋಣ. ಆಗ ನಡಿಗೆ ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಎಚ್ಚರದ ಅಭ್ಯಾಸ. ಜೊತೆಗೆ ಣಮೋಕಾರ ಮಂತ್ರದ ಸ್ಮರಣೆಯಿದ್ದರೆ ಇನ್ನೇನು ಬೇಕು?

ಅಂದಿನಿಂದ ದಿನವೂ ಬಸದಿಗೆ ನಡೆದೇ ಹೋಗುತ್ತೇನೆ. ಮೊದಲು ಅದೂ ಕಷ್ಟವೆನಿಸಿತ್ತು. ಎರಡು ವರ್ಷಗಳ ಬಳಿಕ ಮತ್ತೆ ವಿಂಧ್ಯಗಿರಿಗೆ ಹೋದೆ. ನಾಲ್ಕಾರು ಕಡೆ ಕುಳಿತು ದಣಿವಾರಿಸಿಕೊಂಡು, ನನ್ನ ಕಾಲಿನಿಂದಲೇ ಬೆಟ್ಟವನ್ನೇರಿದೆ. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ನಿಷ್ಠೆಯಿಂದ ಆಚರಿಸುವ ನಾವು ನಿತ್ಯದ ನಡಿಗೆಯನ್ನೂ ಒಂದು ನಿಯಮವಾಗಿ ಸ್ವೀಕರಿಸೋಣ.