ಬೀಗ ಬಿದ್ದ ಮನೆಗೆ ಹೊಣೆ ಯಾರು?

ಗೋವೆಯ ವಾಸ್ಕೋ, ಮಡಗಾಂವ್‌ಗಳಲ್ಲಿ ದುಡಿದು, ಬ್ಯಾಂಕಿನ ಸಾಲದಿಂದ ಮನೆ ಮಾಡಿಕೊಂಡ ಕನ್ನಡಿಗರಿದ್ದಾರೆ. ಕಂತು ತಪ್ಪಿತೆಂದರೆ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು, ಬಳಿಕ ಸ್ವಾಧೀನ. ಅಲ್ಲಿಂದ ಏಲಂ ಆಗುವ ತನಕ ಆ ಮನೆಯನ್ನು ನೋಡಿಕೊಳ್ಳುವವರಾರು? ಅಲ್ಲಿಯ ಮಳೆಯೂ ನಮ್ಮ ಕಾಸರಗೋಡಿನ ಮಳೆಯಂತೆಯೇ. ಒಂದು ಹಂಚು ಒಡೆದರೆ ಸಾಕು, ಮಾಡು ಕೊಳೆಯಲು.

ಬೀಗದ ಕೈ ಬ್ಯಾಂಕಿಗೆ ಸೇರಿದ ಮೇಲೆ ಹೊಣೆಯೂ ಅದರದೇ. ವಿವೇಕಿಯಾದ ಮಾಲಿಕನಷ್ಟೇ ಜಾಗ್ರತೆ ವಹಿಸಬೇಕು, ಅಗತ್ಯವಿದ್ದರೆ ವಿಮೆ ಮಾಡಿಸಬೇಕು ಎಂದು ಆ ಕಾಯಿದೆಯ ನಿಯಮಗಳೇ ಹೇಳುತ್ತವೆ. ಬರಿಯ ನೋಟೀಸು ಅಂಟಿಸಿ ಮನೆಯವರನ್ನು ಒಳಗೇ ಬಿಟ್ಟಿದ್ದರೆ ಮಾತು ಬೇರೆ. ಆಗ ದುರಸ್ತಿ ಅವರದೇ.

ಮನೆ ಹಾಳಾದರೆ ಏಲಂ ಬೆಲೆ ಇಳಿಯುತ್ತದೆ. ಉಳಿದ ಬಾಕಿಗೆ ಮತ್ತೆ ಸಾಲಗಾರನನ್ನೇ ಹಿಡಿಯುತ್ತಾರೆ. ಆದುದರಿಂದ ಬೀಗ ಬೀಳುವ ದಿನವೇ ಮನೆಯ ಸ್ಥಿತಿಯನ್ನು ಬರೆಯಿಸಿ, ಪ್ರತಿ ಕೇಳಿ ಇಟ್ಟುಕೊಳ್ಳಿರೆಂದು ನಮ್ಮವರಲ್ಲಿ ವಿನಂತಿಸುತ್ತೇವೆ.